ನಿಮಗಿದು ಗೊತ್ತೇ? ಲಿಟ್ಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲು

ಅಮೆರಿಕದ ಅರ್ಕನ್ಸಾ ರಾಜ್ಯದ ರಾಜಧಾನಿ ಲಿಟ್ಲ್ ರಾಕ್. ಅಲ್ಲಿನ ಒಂದು ಸರ್ಕಾರಿ ಹೈಸ್ಕೂಲಿಗೆ ಒಂಬತ್ತು ಕಪ್ಪು ಮಕ್ಕಳನ್ನು ಸೇರಿಸಲು 1957ರಲ್ಲಿ ದೇಶದ ಅಧ್ಯಕ್ಷರೇ ಸೈನ್ಯ ಕಳಿಸಬೇಕಾಯಿತು. ಇಷ್ಟು ಸಂಗತಿ ಬಹಳ ಜನಕ್ಕೆ ಗೊತ್ತು. ಬಾಗಿಲು ತೆರೆದ ದಿನದ ಬಗ್ಗೆ ಪುಸ್ತಕಗಳಿವೆ, ಸಿನಿಮಾಗಳಿವೆ. ಆದರೆ ಬಾಗಿಲು ದಾಟಿದ ಮಕ್ಕಳಿಗೆ ಕಾರಿಡಾರಿನಲ್ಲಿ ಏನಾಯಿತು, ಮರುವರ್ಷ ಅದೇ ಬಾಗಿಲಿಗೆ ಬೀಗ ಜಡಿದವರು ಯಾರು, ಬೀಗ ತೆಗೆಸಿದವರು ಯಾರು? ಆ ಶಾಲೆಯ ಚರಿತ್ರೆಯ ತಿರುಳು ಇರುವುದು ಅಲ್ಲಿ ಎಂದು ನನಗನ್ನಿಸುತ್ತದೆ.

ಕಟ್ಟಡದಿಂದಲೇ ಶುರುಮಾಡೋಣ. 1927ರಲ್ಲಿ ಈ ಶಾಲೆ ಕಟ್ಟಿ ಮುಗಿಸಿದಾಗ ಆದ ಖರ್ಚು 15 ಲಕ್ಷ ಡಾಲರ್. ಸುಮಾರು ಒಂದೂವರೆ ಲಕ್ಷ ಚದರಡಿಯ ನೆಲ, ಎರಡು ಸಾವಿರ ಜನ ಕೂರುವ ಸಭಾಂಗಣ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಇದನ್ನು ದೇಶದ ಅತ್ಯಂತ ಸುಂದರ ಹೈಸ್ಕೂಲು ಎಂದು ಕರೆಯಿತು. ಅದಕ್ಕೂ ಮುಂಚೆ ಆ ಜಾಗದಲ್ಲಿದ್ದದ್ದು ವೆಸ್ಟ್ ಎಂಡ್ ಪಾರ್ಕ್ ಎಂಬ ವಿಹಾರೋದ್ಯಾನ.

ಮುಂಬಾಗಿಲ ಮೇಲೆ ಗ್ರೀಕ್ ದೇವತೆಗಳಂತೆ ಕಾಣುವ ನಾಲ್ಕು ಮೂರ್ತಿಗಳಿವೆ. ಅವುಗಳ ಹೆಸರು ಮಹತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ. ಮೊದಲ ಮೂವತ್ತು ವರ್ಷ ಆ ಮೂರ್ತಿಗಳ ಕೆಳಗೆ ಹಾದು ತರಗತಿಗೆ ಹೋಗುವ ಹಕ್ಕಿದ್ದದ್ದು ಬಿಳಿಯರ ಮಕ್ಕಳಿಗೆ ಮಾತ್ರ.

ಕಪ್ಪು ಮಕ್ಕಳು ಎಲ್ಲಿ ಓದುತ್ತಿದ್ದರು? 1929ರಲ್ಲಿ ಅವರಿಗಾಗಿ ಡನ್‌ಬಾರ್ ಹೈಸ್ಕೂಲು ಕಟ್ಟಿದರು. ಅದಕ್ಕೆ ತಗುಲಿದ್ದು ಸುಮಾರು 4 ಲಕ್ಷ ಡಾಲರ್, ಅದರಲ್ಲೂ ಒಂದು ಪಾಲು ಬಂದದ್ದು ರೋಸನ್‌ವಾಲ್ಡ್ ನಿಧಿಯ ದೇಣಿಗೆಯಿಂದ. ಎರಡೂ ಕಟ್ಟಡಗಳ ನಕ್ಷೆಯಲ್ಲಿ ವಿಟನ್‌ಬರ್ಗ್ ಮತ್ತು ಡೆಲೋನಿ ವಾಸ್ತುಶಿಲ್ಪಿಗಳ ಕೈಯಿತ್ತು. ಊರು ಒಂದೇ, ಎರಡು ವರ್ಷದ ಅಂತರ. ಯಾವ ಮಗುವಿಗೆ ಎಷ್ಟು ಖರ್ಚು ಮಾಡಬೇಕೆಂಬ ಲೆಕ್ಕ ಮಾತ್ರ ಬೇರೆ.

ಶಾಲೆಗೆ ಮೊದಲಿದ್ದ ಹೆಸರು ಲಿಟ್ಲ್ ರಾಕ್ ಸೀನಿಯರ್ ಹೈಸ್ಕೂಲು. ಊರಲ್ಲಿ ಇನ್ನಷ್ಟು ಹೈಸ್ಕೂಲುಗಳು ಬರಲಿವೆ ಎಂದಾದಾಗ, 1953ರಲ್ಲಿ ‘ಸೆಂಟ್ರಲ್’ ಎಂಬ ಹೆಸರು ಬಂತು.

1954ರ ಮೇ 17ರಂದು ಬ್ರೌನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬಣ್ಣದ ಆಧಾರದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಐದೇ ದಿನದಲ್ಲಿ ಲಿಟ್ಲ್ ರಾಕ್‌ನ ಶಾಲಾ ಮಂಡಳಿ ತೀರ್ಪಿಗೆ ತಲೆಬಾಗುತ್ತೇವೆ ಎಂದು ಪ್ರಕಟಿಸಿತು. ನಂಬುವುದು ಕಷ್ಟ, ಆದರೆ ಆಗ ಇದಕ್ಕೆ ದಕ್ಷಿಣದ ಉದಾರ ಊರುಗಳಲ್ಲೊಂದು ಎಂಬ ಹೆಸರಿತ್ತು. ಅದೇ ರಾಜ್ಯದ ಚಾರ್ಲ್‌ಸ್ಟನ್ ಎಂಬ ಸಣ್ಣ ಊರು 1954ರಲ್ಲೇ ಸದ್ದಿಲ್ಲದೆ ಕಪ್ಪು ಮಕ್ಕಳನ್ನು ಸೇರಿಸಿಕೊಂಡಿತ್ತು. ಹಾಕ್ಸಿ ಎಂಬ ಊರು 1955ರಲ್ಲಿ. ಲಿಟ್ಲ್ ರಾಕ್‌ನ ಸಿಟಿ ಬಸ್ಸುಗಳಲ್ಲಿ ಭೇದ ಹೋದದ್ದು 1956ರಲ್ಲಿ. ಮುಂದೆ ಬಂದದ್ದು ಯಾರ ಹಣೆಯಲ್ಲೂ ಬರೆದಿಟ್ಟ ವಿಧಿಯಾಗಿರಲಿಲ್ಲ. ಅಧಿಕಾರದಲ್ಲಿದ್ದವರು ಹೆಜ್ಜೆ ಹೆಜ್ಜೆಗೂ ಮಾಡಿದ ಆಯ್ಕೆಗಳು ಅದನ್ನು ತಂದವು.

ಶಾಲೆಗಳ ಸೂಪರಿಂಟೆಂಡೆಂಟ್ ವರ್ಜಿಲ್ ಬ್ಲಾಸಮ್ ಒಂದು ಯೋಜನೆ ಮಾಡಿದರು. ಮೊದಲು ಒಂದೇ ಹೈಸ್ಕೂಲು, ಬೆರಳೆಣಿಕೆಯ ಮಕ್ಕಳು, ಉಳಿದದ್ದು ವರ್ಷಗಳ ಮೇಲೆ. ಅದೇ 1957ರಲ್ಲಿ ಊರಿನ ಪಶ್ಚಿಮಕ್ಕೆ, ಸ್ಥಿತಿವಂತ ಬಿಳಿಯರ ಬಡಾವಣೆಯಲ್ಲಿ, ಹಾಲ್ ಹೈಸ್ಕೂಲು ಎಂಬ ಹೊಸ ಶಾಲೆ ತೆರೆಯಿತು. ಅಲ್ಲಿ ಎಲ್ಲರೂ ಬಿಳಿಯರೇ. ಹೀಗಾಗಿ ಬದಲಾವಣೆಯ ಭಾರವೆಲ್ಲ ದುಡಿದುಣ್ಣುವ ಬಿಳಿಯರ ಮಕ್ಕಳು ಹೆಚ್ಚಾಗಿದ್ದ ಸೆಂಟ್ರಲ್ ಮೇಲೆ ಬಿತ್ತು. ದೊಡ್ಡವರು ತಮ್ಮ ಮಕ್ಕಳನ್ನು ಬೇರೆ ಕಡೆ ಇಟ್ಟುಕೊಂಡು ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಾರೆ ಎಂಬ ಸಿಟ್ಟು ಅವರಲ್ಲಿತ್ತು. ಆ ಸಿಟ್ಟು ಜನಾಂಗದ್ವೇಷಕ್ಕೆ ಸಮರ್ಥನೆಯಲ್ಲ. ಅದು ಬೆಂಕಿಯಾದದ್ದು ಹೇಗೆಂದು ತಿಳಿಯಲು ಮಾತ್ರ ಇದನ್ನು ನೆನಪಿಡಬೇಕು.

ಮೊದಲು ಆಯ್ಕೆಯಾದ ಕಪ್ಪು ವಿದ್ಯಾರ್ಥಿಗಳು 17 ಮಂದಿ. ಶಾಲೆ ಶುರುವಾಗುವ ಹೊತ್ತಿಗೆ ಹಲವರು ಹಿಂದೆ ಸರಿದರು. ಉಳಿದ ಒಂಬತ್ತು ಮಂದಿಯ ಹೆಸರನ್ನು ಪೂರ್ತಿಯಾಗಿ ಹೇಳಬೇಕು: ಮಿನ್ನಿಜೀನ್ ಬ್ರೌನ್, ಎಲಿಜಬೆತ್ ಎಕ್‌ಫರ್ಡ್, ಅರ್ನೆಸ್ಟ್ ಗ್ರೀನ್, ಥೆಲ್ಮಾ ಮದರ್‌ಶೆಡ್, ಮೆಲ್ಬಾ ಪಟಿಲ್ಲೊ, ಗ್ಲೋರಿಯಾ ರೇ, ಟೆರೆನ್ಸ್ ರಾಬರ್ಟ್ಸ್, ಜೆಫರ್ಸನ್ ಥಾಮಸ್, ಕಾರ್ಲೋಟಾ ವಾಲ್ಸ್. ಆರು ಹುಡುಗಿಯರು, ಮೂವರು ಹುಡುಗರು. ಕಾರ್ಲೋಟಾಗೆ ಆಗ 14 ವರ್ಷ. ಥೆಲ್ಮಾಗೆ ಹುಟ್ಟಿನಿಂದಲೇ ಹೃದಯದ ತೊಂದರೆ, ಆ ಮಹಾ ಕಟ್ಟಡದ ಮೆಟ್ಟಿಲು ಹತ್ತುವುದೇ ಆಕೆಗೆ ಕಷ್ಟವಾಗಿತ್ತು.

ಸೇರಿಸಿಕೊಳ್ಳುವ ಮೊದಲು ಹಾಕಿದ ಷರತ್ತು ಏನು ಗೊತ್ತೇ? ಆಟೋಟ ಇಲ್ಲ, ವಾದ್ಯವೃಂದ ಇಲ್ಲ, ಗಾಯನ ತಂಡ ಇಲ್ಲ, ಸಂಘಗಳಿಲ್ಲ. ಪಾಠ ಕೇಳಿ ಮನೆಗೆ ಹೋಗಬೇಕು. ಜೆಫರ್ಸನ್ ಓಟಗಾರ. ಅರ್ನೆಸ್ಟ್ ಸ್ಯಾಕ್ಸೋಫೋನ್ ನುಡಿಸುತ್ತಿದ್ದ. ಮಿನ್ನಿಜೀನ್‌ಗೆ ಹಾಡುವ ಆಸೆ. ಹದಿಹರೆಯದವರಿಗೆ ಶಾಲೆ ಎಂದರೆ ಅರ್ಧಕ್ಕರ್ಧ ಇದೇ ಅಲ್ಲವೇ?

ಗವರ್ನರ್ ಆರ್ವಲ್ ಫಾಬಸ್ 1957ರ ಸೆಪ್ಟೆಂಬರ್ 2ರ ರಾತ್ರಿ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ಶಾಲೆಯ ಸುತ್ತ ನಿಲ್ಲಿಸಿದರು. ಅಲ್ಲಿಯ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯಂತೆ ಜನರಿಂದ ಆರಿಸಿ ಬಂದವರು, ಮುಂದಿನ ಚುನಾವಣೆಯ ಚಿಂತೆ ಉಳ್ಳವರು. ಶಾಂತಿ ಕಾಪಾಡಲು ಎಂದು ಹೇಳಿ ನಿಲ್ಲಿಸಿದ ಬಂದೂಕುಗಳು ತಡೆದದ್ದು ಪುಸ್ತಕ ಹಿಡಿದ ಮಕ್ಕಳನ್ನು.

ಸೆಪ್ಟೆಂಬರ್ 4ರ ಆ ಪ್ರಸಿದ್ಧ ಚಿತ್ರವನ್ನು ನೀವು ನೋಡಿರುತ್ತೀರಿ. ಕಪ್ಪು ಕನ್ನಡಕ ಹಾಕಿಕೊಂಡ ಹುಡುಗಿ ಪುಸ್ತಕ ಎದೆಗವಚಿಕೊಂಡು ನಡೆಯುತ್ತಿದ್ದಾಳೆ, ಹಿಂದೆ ಒಬ್ಬ ಬಿಳಿ ಹುಡುಗಿ ಬಾಯಿ ತೆರೆದು ಚೀರುತ್ತಿದ್ದಾಳೆ. ನಡೆಯುತ್ತಿರುವವಳು ಎಲಿಜಬೆತ್ ಎಕ್‌ಫರ್ಡ್. ಆಕೆ ಒಂಟಿಯಾದದ್ದು ಹೇಗೆ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. ಹಿಂದಿನ ರಾತ್ರಿ, ಎಲ್ಲರೂ ಒಂದೆಡೆ ಸೇರಿ ಒಟ್ಟಾಗಿ ಹೋಗೋಣ ಎಂದು ಮಿಕ್ಕ ಮನೆಗಳಿಗೆಲ್ಲ ಫೋನ್ ಹೋಗಿತ್ತು. ಎಕ್‌ಫರ್ಡ್ ಮನೆಯಲ್ಲಿ ಫೋನ್ ಇರಲಿಲ್ಲ. ಶಾಲೆಯ ಮೊದಲ ದಿನಕ್ಕೆಂದು ತಾನೇ ಹೊಲಿದುಕೊಂಡ ಉಡುಪು ಧರಿಸಿ ಆಕೆ ಬಸ್ಸಿಳಿದಳು. ಗಾರ್ಡ್‌ಗಳು ದಾರಿ ಬಿಡಲಿಲ್ಲ. ಹಿಂದೆ ತಿರುಗಿದರೆ ಗುಂಪು. ಬಸ್ ನಿಲ್ದಾಣದ ಬೆಂಚಿನವರೆಗೆ ಆ ಗುಂಪಿನ ಮುಂದೆ ನಡೆದಳು.

ಬೆಂಚಿನಲ್ಲಿ ಆಕೆಯ ಪಕ್ಕ ಬಂದು ಕೂತವರಲ್ಲಿ ಒಬ್ಬರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬೆಂಜಮಿನ್ ಫೈನ್. ಇನ್ನೊಬ್ಬರು ಗ್ರೇಸ್ ಲಾರ್ಚ್ ಎಂಬ ಬಿಳಿಯ ಮಹಿಳೆ. ಆಕೆ ಎಲಿಜಬೆತ್‌ಳನ್ನು ಬಸ್ ಹತ್ತಿಸಿ ಜೊತೆಗೆ ಹೋದರು. ಮರುತಿಂಗಳು ಅಮೆರಿಕದ ಸೆನೆಟ್ಟಿನ ಆಂತರಿಕ ಭದ್ರತೆಯ ಉಪಸಮಿತಿ ಆಕೆಯನ್ನು ವಿಚಾರಣೆಗೆ ಕರೆಸಿತು. ಬೆಂಚಿನ ಮೇಲೆ ಒಂದು ಮಗುವಿನ ಪಕ್ಕ ಕೂತದ್ದಕ್ಕೆ ಆ ಕುಟುಂಬ ದೊಡ್ಡ ಬೆಲೆ ತೆತ್ತಿತು. ಅವರ ಪತಿ ಲೀ ಲಾರ್ಚ್ ಗಣಿತಜ್ಞರು, ಕಪ್ಪು ವಿದ್ಯಾರ್ಥಿಗಳ ಫಿಲಾಂಡರ್ ಸ್ಮಿತ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಕೊನೆಗೆ ಆ ದಂಪತಿ ದೇಶ ಬಿಟ್ಟು ಕೆನಡಾಕ್ಕೆ ಹೋಗಿ ನೆಲೆಸಿದರು.

ಆ ಚಿತ್ರ ತೆಗೆದ ವಿಲ್ ಕೌಂಟ್ಸ್ ಅದೇ ಶಾಲೆಯ ಹಳೆಯ ವಿದ್ಯಾರ್ಥಿ.

ಚೀರುತ್ತಿದ್ದ ಹುಡುಗಿ ಹೇಜಲ್ ಬ್ರಯನ್. ಆಗ ಆಕೆಗೆ 15. ಕೆಲವು ವರ್ಷಗಳ ನಂತರ ಆಕೆ ಎಲಿಜಬೆತ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದಳು. 1997ರಲ್ಲಿ ಅದೇ ಕೌಂಟ್ಸ್ ಇಬ್ಬರನ್ನೂ ಶಾಲೆಯ ಮುಂದೆ ಒಟ್ಟಿಗೆ ನಿಲ್ಲಿಸಿ ಇನ್ನೊಂದು ಚಿತ್ರ ತೆಗೆದರು. ಇಬ್ಬರಲ್ಲಿ ಸ್ನೇಹ ಬೆಳೆಯಿತು, ಒಟ್ಟಿಗೆ ಭಾಷಣಗಳಿಗೂ ಹೋದರು. ಆಮೇಲೆ ಆ ಸ್ನೇಹ ಮುರಿಯಿತು. ಪತ್ರಕರ್ತ ಡೇವಿಡ್ ಮಾರ್ಗೋಲಿಕ್ ಇವರಿಬ್ಬರ ಬಗ್ಗೆ 2011ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಒಂದು ಕ್ಷಮಾಪಣೆಗೆ ಒಂದು ಸುಖಾಂತ್ಯ ಎಂಬ ಸರಳ ಕತೆ ಇಲ್ಲಿ ಸಿಗುವುದಿಲ್ಲ. ಎಲಿಜಬೆತ್‌ಗೆ ಆ ಬೆಳಗಿನ ನೋವು ದಶಕಗಳ ಕಾಲ ಉಳಿಯಿತು.

ಗಾರ್ಡ್‌ಗಳನ್ನು ತೆಗೆಯಿರಿ ಎಂದು ಆದೇಶಿಸಿದ ಫೆಡರಲ್ ನ್ಯಾಯಾಧೀಶ ರೊನಾಲ್ಡ್ ಡೇವಿಸ್ ಲಿಟ್ಲ್ ರಾಕ್‌ನವರಲ್ಲ, ದೂರದ ಉತ್ತರ ಡಕೋಟಾದಿಂದ ತಾತ್ಕಾಲಿಕವಾಗಿ ಬಂದಿದ್ದವರು. ಅವರ ಊರು ಗ್ರ್ಯಾಂಡ್ ಫೋರ್ಕ್ಸ್. ಆ ಸೆಪ್ಟೆಂಬರಿನಲ್ಲೇ ಜಾಜ್ ಸಂಗೀತದ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ಕಛೇರಿಗೆಂದು ಅದೇ ಗ್ರ್ಯಾಂಡ್ ಫೋರ್ಕ್ಸ್‌ಗೆ ಬಂದಿದ್ದರು. ಹೋಟೆಲಿನಲ್ಲಿ ಒಬ್ಬ ಎಳೆಯ ವರದಿಗಾರ ಲಿಟ್ಲ್ ರಾಕ್ ಬಗ್ಗೆ ಕೇಳಿದ. ರಾಜಕೀಯ ಮಾತಾಡದವರು ಎಂದೇ ಹೆಸರಾಗಿದ್ದ ಆರ್ಮ್‌ಸ್ಟ್ರಾಂಗ್ ಅಂದು ಗವರ್ನರ್ ಮೇಲೂ ಅಧ್ಯಕ್ಷರ ಮೇಲೂ ಸಿಡಿದರು. ಸರ್ಕಾರದ ಪರವಾಗಿ ಸೋವಿಯತ್ ಒಕ್ಕೂಟಕ್ಕೆ ಹೋಗಬೇಕಿದ್ದ ಪ್ರವಾಸವನ್ನು ಬಿಡುತ್ತೇನೆ ಎಂದರು. ಆ ಮಾತು ದೇಶವಿಡೀ ಸುದ್ದಿಯಾಯಿತು.

ಸೆಪ್ಟೆಂಬರ್ 23. ಗಾರ್ಡ್‌ಗಳು ಹೋಗಿದ್ದರು, ಪೊಲೀಸರಿದ್ದರು. ಒಂಬತ್ತು ಮಂದಿ ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ಹೊರಗೆ ಗುಂಪಿನವರು ಕಪ್ಪು ಪತ್ರಕರ್ತರನ್ನು ಹಿಡಿದು ಹೊಡೆದರು. ಮೆಂಫಿಸ್‌ನ ಪತ್ರಿಕೆಯ ಸಂಪಾದಕ ಅಲೆಕ್ಸ್ ವಿಲ್ಸನ್ ಪೆಟ್ಟು ತಿಂದರೂ ಓಡಲಿಲ್ಲ, ಟೋಪಿ ಎತ್ತಿಕೊಂಡು ನಡೆದರು. ಮಧ್ಯಾಹ್ನದೊಳಗೆ ಮಕ್ಕಳನ್ನು ಗುಟ್ಟಾಗಿ ಹೊರಗೆ ಸಾಗಿಸಬೇಕಾಯಿತು.

ಮರುದಿನ ಅಧ್ಯಕ್ಷ ಐಸೆನ್‌ಹೋವರ್ 10730ನೇ ಕಾರ್ಯಾದೇಶಕ್ಕೆ ಸಹಿ ಹಾಕಿದರು. 101ನೇ ವಾಯುವಾಹಿತ ಸೇನಾ ವಿಭಾಗದ ಸಾವಿರಕ್ಕೂ ಹೆಚ್ಚು ಸೈನಿಕರು ಕೆಂಟಕಿಯಿಂದ ಬಂದಿಳಿದರು. ಮಕ್ಕಳನ್ನು ತಡೆದಿದ್ದ ಅರ್ಕನ್ಸಾದ ಹತ್ತು ಸಾವಿರ ಗಾರ್ಡ್‌ಗಳನ್ನೂ ಅದೇ ಆದೇಶ ಫೆಡರಲ್ ಸರ್ಕಾರದ ಕೈಕೆಳಗೆ ತಂದಿತು. ಮೊನ್ನೆ ತಡೆದವರೇ ಇಂದು ಕಾಯಬೇಕಾಯಿತು. ಸೆಪ್ಟೆಂಬರ್ 25ರಂದು ಒಂಬತ್ತು ಮಂದಿ ಮುಂಬಾಗಿಲಿನಿಂದ ನಡೆದುಹೋದರು.

ಆ ಸೇನಾ ವಿಭಾಗದಲ್ಲಿ ಕಪ್ಪು ಸೈನಿಕರೂ ಇದ್ದರು. ಶಾಲೆಯ ಕಾವಲಿಗೆ ಮಾತ್ರ ಅವರನ್ನು ಹಾಕಲಿಲ್ಲ.

ಈಗ ಕಾರಿಡಾರಿಗೆ ಬರೋಣ. ಸೈನಿಕರು ಮಕ್ಕಳ ಜೊತೆ ಓಡಾಡುತ್ತಿದ್ದರು, ಆದರೆ ತರಗತಿಯೊಳಗೆ, ಶೌಚಾಲಯದೊಳಗೆ, ವ್ಯಾಯಾಮದ ಕೋಣೆಯೊಳಗೆ ಹೋಗುವಂತಿರಲಿಲ್ಲ. ಕೀಟಲೆ ಎಂಬ ಮಾತು ಇಲ್ಲಿ ಸಾಲದು. ಮೆಟ್ಟಿಲಲ್ಲಿ ತಳ್ಳುವುದು, ಹಿಮ್ಮಡಿ ತುಳಿಯುವುದು, ಲಾಕರ್ ಒಡೆದು ಪುಸ್ತಕ ಹಾಳುಮಾಡುವುದು, ಉಗುಳುವುದು. ಒಬ್ಬ ಹುಡುಗ ಕಣ್ಣಿಗೆ ಆಮ್ಲ ಎರಚಿದಾಗ ಜೊತೆಗಿದ್ದ ಸೈನಿಕ ತಕ್ಷಣ ನೀರಿನಿಂದ ತೊಳೆದದ್ದರಿಂದ ದೃಷ್ಟಿ ಉಳಿಯಿತು ಎಂದು ಮೆಲ್ಬಾ 1994ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ನವೆಂಬರ್ ಕೊನೆಗೆ 101ನೇ ವಿಭಾಗ ಹೊರಟುಹೋಯಿತು. ಗಾರ್ಡ್‌ಗಳ ಕಾವಲು ಸಡಿಲವಾಗಿತ್ತು. ಕಷ್ಟ ಹೆಚ್ಚಾದದ್ದು ಆಮೇಲೆಯೇ. ಕ್ಯಾಮೆರಾಗಳೂ ಅಷ್ಟರಲ್ಲಿ ಊರು ಬಿಟ್ಟಿದ್ದವು.

ಡಿಸೆಂಬರಿನಲ್ಲಿ ಊಟದ ಹಾಲಿನಲ್ಲಿ ಹುಡುಗರು ಮಿನ್ನಿಜೀನ್ ದಾರಿಗೆ ಕುರ್ಚಿ ತಳ್ಳಿದರು. ಆಕೆಯ ಕೈಯಲ್ಲಿದ್ದ ತಟ್ಟೆಯ ಬಿಸಿ ‘ಚಿಲಿ’, ಎಂದರೆ ಮಾಂಸ, ಬೀನ್ಸ್ ಹಾಕಿದ ಖಾರದ ಗೊಜ್ಜು, ಇಬ್ಬರು ಹುಡುಗರ ಮೇಲೆ ಬಿತ್ತು. ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಕಪ್ಪು ಕೆಲಸಗಾರರು ಚಪ್ಪಾಳೆ ತಟ್ಟಿದರು ಎಂದು ಅರ್ನೆಸ್ಟ್ ಗ್ರೀನ್ ನೆನೆಸಿಕೊಂಡಿದ್ದಾರೆ. ಶಿಕ್ಷೆ ಆದದ್ದು ಮಿನ್ನಿಜೀನ್‌ಗೆ. ಫೆಬ್ರವರಿಯಲ್ಲಿ, ತನಗೆ ಹೊಡೆದ ಹುಡುಗಿಯೊಬ್ಬಳಿಗೆ ಬೈದಳೆಂಬ ಕಾರಣಕ್ಕೆ ಶಾಲೆಯಿಂದಲೇ ಹೊರಹಾಕಿದರು. ‘ಒಬ್ಬಳು ಹೋದಳು, ಇನ್ನು ಎಂಟು’ ಎಂಬ ಅರ್ಥದ ಚೀಟಿಗಳು ಶಾಲೆಯಲ್ಲಿ ಹರಿದಾಡಿದವು.

ಮಿನ್ನಿಜೀನ್ ಎಲ್ಲಿಗೆ ಹೋದಳು ಗೊತ್ತೇ? ನ್ಯೂಯಾರ್ಕಿಗೆ, ಮನೋವಿಜ್ಞಾನಿಗಳಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಯ ಮನೆಗೆ. ಬಿಳಿ ಗೊಂಬೆ, ಕಂದು ಗೊಂಬೆ ಕೊಟ್ಟು ಮಕ್ಕಳ ಮನಸ್ಸನ್ನು ಅಳೆದ ಪ್ರಸಿದ್ಧ ಪ್ರಯೋಗ ಇವರದ್ದೇ. ಬ್ರೌನ್ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕೆನೆತ್ ಕ್ಲಾರ್ಕ್ ಅವರ ಅಧ್ಯಯನದ ಉಲ್ಲೇಖವಿದೆ. ಮೇಮಿ ಹುಟ್ಟಿದ್ದು ಅರ್ಕನ್ಸಾದ ಹಾಟ್ ಸ್ಪ್ರಿಂಗ್ಸ್ ಊರಿನಲ್ಲಿ. ತೀರ್ಪಿನ ಹಿಂದಿದ್ದ ಮನೆಯಲ್ಲೇ ಆ ತೀರ್ಪನ್ನು ಮೈಮೇಲೆ ಹೊತ್ತ ಹುಡುಗಿಗೆ ಆಸರೆ ಸಿಕ್ಕಿತು.

ಆ ವರ್ಷ ಶಾಲೆಯಲ್ಲಿ ಒಳ್ಳೆಯವರೇ ಇರಲಿಲ್ಲವೇ? ಇದ್ದರು. ಹುಡುಗಿಯರ ಹೊಣೆ ಹೊತ್ತಿದ್ದ ವೈಸ್ ಪ್ರಿನ್ಸಿಪಾಲ್ ಎಲಿಜಬೆತ್ ಹಕ್ಬಿ ದಿನದ ಘಟನೆಗಳನ್ನು ಬರೆದಿಟ್ಟರು. ಅದು 1980ರಲ್ಲಿ ಪುಸ್ತಕವಾಯಿತು, ಮರುವರ್ಷ ಟೀವಿ ಚಿತ್ರವೂ ಆಯಿತು. ಮಾತಾಡಿಸಿದ ಬಿಳಿ ಸಹಪಾಠಿಗಳೂ ಕೆಲವರಿದ್ದರು, ಅವರಿಗೂ ಬೆದರಿಕೆ ಬಂದವು. ಸುಮಾರು ಎರಡು ಸಾವಿರ ವಿದ್ಯಾರ್ಥಿಗಳಲ್ಲಿ ಹಿಂಸೆ ಕೊಟ್ಟವರು ಕೆಲವರು, ಮುಖ ತಿರುಗಿಸಿಕೊಂಡು ಹೋದವರೇ ಬಹಳ.

1957ರ ಅದೇ ಋತುವಿನಲ್ಲಿ ಸೆಂಟ್ರಲ್‌ನ ಫುಟ್‌ಬಾಲ್ ತಂಡ ಒಂದೂ ಪಂದ್ಯ ಸೋಲಲಿಲ್ಲ. ಇದು ನಮ್ಮ ಕಾಲ್ಚೆಂಡಾಟವಲ್ಲ, ಅಮೆರಿಕದ ಫುಟ್‌ಬಾಲ್.

1958ರ ಮೇ 27ರಂದು ಶಾಲೆಯ ಪಕ್ಕದ ಕ್ವಿಗ್ಲಿ ಕ್ರೀಡಾಂಗಣದಲ್ಲಿ ಪದವಿ ಪ್ರದಾನ. ಸುಮಾರು ಆರು ನೂರು ಮಂದಿಯಲ್ಲಿ ಒಬ್ಬನೇ ಕಪ್ಪು ವಿದ್ಯಾರ್ಥಿ ಅರ್ನೆಸ್ಟ್ ಗ್ರೀನ್. ಆತನ ಹೆಸರು ಕರೆದಾಗ ಚಪ್ಪಾಳೆ ಬೀಳಲಿಲ್ಲ. ಪ್ರೇಕ್ಷಕರ ನಡುವೆ ಆತನ ಮನೆಯವರ ಜೊತೆ ಕೂತಿದ್ದ ಒಬ್ಬ ಯುವ ಪಾದ್ರಿಯನ್ನು ಹೆಚ್ಚಿನವರು ಗುರುತಿಸಲೂ ಇಲ್ಲ. ಅವರು ಮಾರ್ಟಿನ್ ಲೂಥರ್ ಕಿಂಗ್. ಹತ್ತಿರದ ಪೈನ್ ಬ್ಲಫ್ ಊರಿನ ಕಾಲೇಜಿಗೆ ಭಾಷಣಕ್ಕೆಂದು ಬಂದವರು ಇಲ್ಲಿಗೂ ಬಂದಿದ್ದರು. ಗ್ರೀನ್‌ಗೆ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಲು ಯಾರೋ ಹೆಸರು ಹೇಳದ ದಾನಿ ವಿದ್ಯಾರ್ಥಿವೇತನ ಕೊಟ್ಟರು. ಆ ದಾನಿ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷ ಜಾನ್ ಹ್ಯಾನಾ ಎಂದು ಗ್ರೀನ್‌ಗೆ ತಿಳಿದದ್ದು ಬಹಳ ಕಾಲದ ಮೇಲೆ. ವಿದ್ಯಾರ್ಥಿಯಾಗಿದ್ದಾಗ ಗ್ರೀನ್ ಹ್ಯಾನಾ ಅವರ ಮನೆಯ ಮುಂದೆಯೇ ನಾಗರಿಕ ಹಕ್ಕುಗಳಿಗಾಗಿ ಪ್ರತಿಭಟನೆ ಮಾಡಿದ್ದರು.

ಕತೆ ಇಲ್ಲಿಗೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ನಿಜವಾಗಿ ಊರೇ ಬೆಲೆ ತೆತ್ತದ್ದು ಮುಂದಿನ ವರ್ಷ. ಶಾಲಾ ಮಂಡಳಿ ಎರಡೂವರೆ ವರ್ಷ ಮುಂದೂಡಲು ಅನುಮತಿ ಬೇಡಿ ಕೋರ್ಟಿಗೆ ಹೋಗಿತ್ತು. ಮಕ್ಕಳ ಪರವಾಗಿ ವಾದಿಸಿದವರು ತರ್ಗುಡ್ ಮಾರ್ಷಲ್, ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದವರು. 1958ರ ಸೆಪ್ಟೆಂಬರ್ 12ರಂದು ಮುಂದೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ವಿವರವಾದ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳೂ ತಮ್ಮ ತಮ್ಮ ಹೆಸರು ನಮೂದಿಸಿದರು. ಸಾಮಾನ್ಯವಾಗಿ ತೀರ್ಪಿನ ಮೇಲೆ ಬರೆದವರ ಹೆಸರಷ್ಟೇ ಇರುತ್ತದೆ. ಹಿಂಸೆಯ ಬೆದರಿಕೆಗೆ ಮಕ್ಕಳ ಹಕ್ಕನ್ನು ಬಲಿಕೊಡಲಾಗದು ಎಂಬುದು ಆ ತೀರ್ಪಿನ ಸಾರ.

ಸೆಪ್ಟೆಂಬರ್ 12ರಂದೇ ಫಾಬಸ್ ಇನ್ನೊಂದು ಕಾಗದಕ್ಕೆ ಸಹಿ ಹಾಕಿದರು. ಊರಿನ ನಾಲ್ಕೂ ಸರ್ಕಾರಿ ಹೈಸ್ಕೂಲುಗಳಿಗೆ ಬೀಗ. ಸೆಪ್ಟೆಂಬರ್ 27ರ ಮತದಾನದಲ್ಲಿ ಒಟ್ಟಿಗೆ ಓದಿಸುವುದರ ವಿರುದ್ಧ 19,470 ಮತ, ಪರವಾಗಿ 7,561. ಕಪ್ಪು ಮಕ್ಕಳ ಜೊತೆ ಕೂರಿಸುವುದಕ್ಕಿಂತ ತಮ್ಮ ಮಕ್ಕಳಿಗೆ ಶಾಲೆಯೇ ಬೇಡ ಎಂದು ಒಂದು ಊರು ಮತ ಹಾಕಿ ಹೇಳಿತು! ಇಂದಿಗೂ ಅದನ್ನು ಅಲ್ಲಿ ‘ಕಳೆದುಹೋದ ವರ್ಷ’ ಎನ್ನುತ್ತಾರೆ.

ಬೀಗ ಬಿದ್ದದ್ದರಿಂದ 3,665 ವಿದ್ಯಾರ್ಥಿಗಳು ಬೀದಿಗೆ ಬಿದ್ದರು. ಬಿಳಿಯರಲ್ಲಿ ಬಹುಪಾಲು ಮಕ್ಕಳಿಗೆ ಖಾಸಗಿ ಶಾಲೆಯೋ ಬೇರೆ ಊರಿನ ನೆಂಟರ ಮನೆಯೋ ಸಿಕ್ಕಿತು. ಕಪ್ಪು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎಲ್ಲೂ ಶಾಲೆ ಸಿಗಲಿಲ್ಲ. ಓದು ಅಲ್ಲಿಗೇ ನಿಂತು ಕೂಲಿಗೋ ಮದುವೆಗೋ ಸೈನ್ಯಕ್ಕೋ ಹೋದವರು ಎರಡೂ ಕಡೆ ಇದ್ದಾರೆ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ.

ಮೇಷ್ಟ್ರುಗಳ ಪಾಡು ಕೇಳಿ. ಒಪ್ಪಂದವಿದ್ದದ್ದರಿಂದ ಸಂಬಳ ಬರುತ್ತಿತ್ತು, ಹಾಜರಿ ಕಡ್ಡಾಯ. ದಿನವೂ ಬಂದು ಖಾಲಿ ತರಗತಿಯಲ್ಲಿ ಕೂತು ಮನೆಗೆ ಹೋಗಬೇಕು. ಶಾಲೆಗಳು ಮುಚ್ಚಿದ್ದರೂ ಫುಟ್‌ಬಾಲ್ ಪಂದ್ಯಗಳು ಮಾತ್ರ ನಡೆದವು.

ಬೀಗ ತೆಗೆಸಿದವರು ಯಾರು? ಮೊದಲು ಎದ್ದು ನಿಂತವರು ಹೆಂಗಸರು. 75 ವರ್ಷದ ಅಡಾಲ್ಫಿನ್ ಟೆರಿ ತಮ್ಮ ಮನೆಗೆ ಗೆಳತಿಯರನ್ನು ಕರೆದು, ಶಾಲೆ ತೆರೆಸಲು ಮಹಿಳೆಯರ ತುರ್ತು ಸಮಿತಿ ಕಟ್ಟಿದರು. ಬಿಳಿಯ ಮಧ್ಯಮವರ್ಗದ ಗೃಹಿಣಿಯರು, ಫೋನ್ ಹಿಡಿದು, ಕರಪತ್ರ ಹಂಚಿ, ಮತದಾರರ ಪಟ್ಟಿ ಪರಿಶೀಲಿಸಿ ಕೆಲಸ ಮಾಡಿದರು. ಗಂಡಂದಿರ ವ್ಯಾಪಾರಕ್ಕೆ ಪೆಟ್ಟು ಬೀಳಬಹುದೆಂದು ಸದಸ್ಯೆಯರ ಹೆಸರು ಗುಟ್ಟಾಗಿತ್ತು. 1998ರಲ್ಲಿ ಆ ಹೆಸರುಗಳನ್ನು ಟೆರಿಯವರ ಮನೆಯ ಕಿಟಕಿ ಗಾಜುಗಳಲ್ಲಿ ಕೆತ್ತಿಸಿದರು. ಸಮಿತಿ ಕಪ್ಪು ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಳ್ಳಲಿಲ್ಲ ಎಂಬುದನ್ನೂ ಹೇಳಲೇಬೇಕು.

1959ರ ಮೇ 5ರಂದು ಶಾಲಾ ಮಂಡಳಿಯ ಮೂವರು ಸದಸ್ಯರು ಸಭೆಯಿಂದ ಹೊರನಡೆದಾಗ, ಉಳಿದ ಮೂವರು ಸೇರಿ 44 ಶಿಕ್ಷಕರು, ಆಡಳಿತಗಾರರ ಕೆಲಸ ಕಿತ್ತುಕೊಂಡರು. ಮಕ್ಕಳನ್ನು ಒಟ್ಟಿಗೆ ಓದಿಸುವ ಪರವಾಗಿದ್ದಾರೆ ಎಂಬುದು ಅವರ ಮೇಲಿನ ಗುಮಾನಿ. ಪ್ರಿನ್ಸಿಪಾಲ್ ಜೆಸ್ ಮ್ಯಾಥ್ಯೂಸ್, ಹಕ್ಬಿ ಇಬ್ಬರೂ ಪಟ್ಟಿಯಲ್ಲಿದ್ದರು. ಕಪ್ಪು ಮಕ್ಕಳ ವಿಷಯದಲ್ಲಿ ಸುಮ್ಮನಿದ್ದ ಊರು ತಮ್ಮ ಮೇಷ್ಟ್ರುಗಳ ಮೇಲೆ ಕೈಹಾಕಿದಾಗ ಎದ್ದಿತು. ಇಪ್ಪತ್ತು ದಿನದೊಳಗೆ ಮರುಚುನಾವಣೆ ನಡೆದು, ಕೆಲಸ ಕಿತ್ತುಕೊಂಡ ಆ ಮೂವರನ್ನೂ ಸ್ವಲ್ಪ ಮತಗಳ ಅಂತರದಲ್ಲಿ ಕೆಳಗಿಳಿಸಿದರು. ಜೂನಿನಲ್ಲಿ ಫೆಡರಲ್ ಕೋರ್ಟು ಶಾಲೆ ಮುಚ್ಚಿದ್ದೇ ಸಂವಿಧಾನಬಾಹಿರ ಎಂದಿತು. ಆಗಸ್ಟ್ 12ರಂದು ಬಾಗಿಲು ಮತ್ತೆ ತೆರೆಯಿತು.

ಒಂಬತ್ತು ಮಂದಿಯಲ್ಲಿ ಜೆಫರ್ಸನ್ ಮತ್ತು ಕಾರ್ಲೋಟಾ ಹಿಂತಿರುಗಿ ಬಂದು 1960ರಲ್ಲಿ ಓದು ಮುಗಿಸಿದರು. ಅದೇ ಫೆಬ್ರವರಿಯಲ್ಲಿ ಕಾರ್ಲೋಟಾ ಮನೆಗೆ ಬಾಂಬಿಟ್ಟಿದ್ದರು. ಮರುದಿನವೇ ಆಕೆ ಶಾಲೆಗೆ ಹೋದಳು.

ಈ ಮಕ್ಕಳ ಬೆನ್ನಿಗೆ ನಿಂತ ಡೇಸಿ ಬೇಟ್ಸ್ ಅವರನ್ನು ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡೆ, ಏಕೆಂದರೆ ಅವರಿಗೆ ಪ್ರತ್ಯೇಕ ಜಾಗ ಬೇಕು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ರಾಜ್ಯ ಘಟಕದ ಅಧ್ಯಕ್ಷೆ. ಪತಿ ಎಲ್. ಸಿ. ಬೇಟ್ಸ್ ಜೊತೆ ‘ಅರ್ಕನ್ಸಾ ಸ್ಟೇಟ್ ಪ್ರೆಸ್’ ಪತ್ರಿಕೆ ನಡೆಸುತ್ತಿದ್ದರು. ಮಕ್ಕಳು ಬೆಳಗ್ಗೆ ಸೇರುತ್ತಿದ್ದದ್ದು, ಸಂಜೆ ಬಂದು ಅಳುತ್ತಿದ್ದದ್ದು, ಹೋಂವರ್ಕ್ ಮಾಡುತ್ತಿದ್ದದ್ದು ಅವರ ಮನೆಯಲ್ಲಿ. ಆ ಮನೆಯ ಕಿಟಕಿಗೆ ಕಲ್ಲು ಬಿತ್ತು, ಅಂಗಳದಲ್ಲಿ ಶಿಲುಬೆಗೆ ಬೆಂಕಿ ಹಚ್ಚಿದರು. ಜಾಹೀರಾತು ನಿಲ್ಲಿಸಿ ಪತ್ರಿಕೆಯ ಉಸಿರು ಕಟ್ಟಿದರು, 1959ರಲ್ಲಿ ಅದು ಮುಚ್ಚಿತು. 1963ರ ವಾಷಿಂಗ್ಟನ್ ಮಹಾಮೆರವಣಿಗೆಯ ಅಧಿಕೃತ ಕಾರ್ಯಕ್ರಮದಲ್ಲಿ ಬೇಟ್ಸ್ ಚಿಕ್ಕ ಭಾಷಣ ಮಾಡಿದರು. 2024ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಅರ್ಕನ್ಸಾ ರಾಜ್ಯದ ಪರವಾಗಿ ನಿಂತದ್ದು ಅವರ ಪ್ರತಿಮೆ. ಶಾಲೆಯ ಮಗ್ಗುಲ ರಸ್ತೆಗೆ ಈಗ ಅವರ ಹೆಸರು.

ಇನ್ನು ಸರಸರನೆ ಕೆಲವು.

ಬಿಳಿಯರ ಪತ್ರಿಕೆಯಾಗಿದ್ದೂ ಕಾನೂನಿನ ಪರ ನಿಂತ ‘ಅರ್ಕನ್ಸಾ ಗೆಜೆಟ್’ 1958ರಲ್ಲಿ ಎರಡು ಪುಲಿಟ್ಜರ್ ಪ್ರಶಸ್ತಿ ಗಳಿಸಿತು, ಸಾವಿರಾರು ಓದುಗರನ್ನು ಕಳೆದುಕೊಂಡಿತು.

1958ರ ಗ್ಯಾಲಪ್ ಸಮೀಕ್ಷೆಯಲ್ಲಿ ಅಮೆರಿಕನ್ನರು ಅತಿ ಹೆಚ್ಚು ಮೆಚ್ಚುವ ಹತ್ತು ಗಂಡಸರ ಪಟ್ಟಿಯಲ್ಲಿ ಫಾಬಸ್ ಹೆಸರಿತ್ತು. ಅವರು ಒಟ್ಟು ಆರು ಅವಧಿಗೆ ಗವರ್ನರ್ ಆದರು. ಜಾಜ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ಫಾಬಸ್ ಮೇಲೆ ಒಂದು ಪ್ರಸಿದ್ಧ ರಚನೆಯನ್ನೇ ಮಾಡಿದ್ದಾರೆ.

ಒಂಬತ್ತು ಮಂದಿಯ ಮೇಲಿನ ಕಿರುಸಾಕ್ಷ್ಯಚಿತ್ರಕ್ಕೆ 1964ರ ಚಿತ್ರಗಳ ಸಾಲಿನ ಆಸ್ಕರ್ ಬಂತು. ಅದರ ನಿರೂಪಣೆಯ ದನಿ ಜೆಫರ್ಸನ್ ಥಾಮಸ್‌ದು.

ಟೆರೆನ್ಸ್ ಮನೋವಿಜ್ಞಾನಿಯಾದರು. ಗ್ಲೋರಿಯಾ ಯೂರೋಪಿಗೆ ಹೋಗಿ ಕಂಪ್ಯೂಟರ್ ಕ್ಷೇತ್ರದಲ್ಲಿ ದುಡಿದರು. ಅರ್ನೆಸ್ಟ್ ಗ್ರೀನ್ ಅಧ್ಯಕ್ಷ ಕಾರ್ಟರ್ ಕಾಲದಲ್ಲಿ ಕಾರ್ಮಿಕ ಇಲಾಖೆಯ ಉನ್ನತ ಹುದ್ದೆಯಲ್ಲಿದ್ದರು. ಥೆಲ್ಮಾ ಶಿಕ್ಷಕಿಯಾದರು, ಆ ದುರ್ಬಲ ಹೃದಯ ಹೊತ್ತೇ 2024ರವರೆಗೆ ಬದುಕಿದರು.

1997ರಲ್ಲಿ, ಘಟನೆಯ ನಲವತ್ತನೇ ವರ್ಷ, ಅರ್ಕನ್ಸಾದವರೇ ಆದ ಅಧ್ಯಕ್ಷ ಕ್ಲಿಂಟನ್ ಅದೇ ಬಾಗಿಲು ಹಿಡಿದು ನಿಂತು ಒಂಬತ್ತು ಮಂದಿಯನ್ನೂ ಒಳಗೆ ಬರಮಾಡಿಕೊಂಡರು. 1999ರಲ್ಲಿ ಆ ಒಂಬತ್ತು ಮಂದಿಗೆ ಸಂಸತ್ತಿನ ಚಿನ್ನದ ಪದಕ ಬಂತು. 2005ರಲ್ಲಿ ರಾಜ್ಯದ ಶಾಸನ ಭವನದ ಆವರಣದಲ್ಲಿ ಒಂಬತ್ತು ಕಂಚಿನ ಪ್ರತಿಮೆಗಳು ಎದ್ದು ನಿಂತವು, ಗವರ್ನರ್ ಕಚೇರಿಯ ಕಡೆಗೆ. 2007ರ ಸ್ಮಾರಕ ಬೆಳ್ಳಿ ನಾಣ್ಯದ ಒಂದು ಮುಖದಲ್ಲಿ ಶಾಲೆಗೆ ನಡೆಯುವ ಮಕ್ಕಳ ಕಾಲುಗಳಿವೆ, ಪಕ್ಕದಲ್ಲಿ ಸೈನಿಕನ ಬೂಟು, ಮೇಲೆ ಒಂಬತ್ತು ನಕ್ಷತ್ರ.

ಲಿಟ್ಲ್ ರಾಕ್‌ನ ಎಲ್ಲ ತರಗತಿಗಳಲ್ಲೂ ಮಕ್ಕಳು ಒಟ್ಟಿಗೆ ಓದತೊಡಗಿದ್ದು 1970ರ ದಶಕದ ಆರಂಭದಲ್ಲಿ. ಈ ಊರಿನ ಶಾಲೆಗಳು ಭೇದ ನೀಗಿಸುವ ಹೊಣೆ ಪೂರೈಸಿವೆ ಎಂದು ಫೆಡರಲ್ ನ್ಯಾಯಾಧೀಶರು ಹೇಳಿದ್ದು 2007ರಲ್ಲಿ. ಬಾಗಿಲು ತೆರೆದು ಆಗ ಐವತ್ತು ವರ್ಷ.

2023ರ ಆಗಸ್ಟಿನಲ್ಲಿ ಶಾಲೆ ಮತ್ತೆ ದೇಶದ ಸುದ್ದಿಯಾಯಿತು. ಆಫ್ರಿಕನ್ ಅಮೆರಿಕನ್ನರ ಚರಿತ್ರೆ, ಸಂಸ್ಕೃತಿ ಕುರಿತ ಹೊಸ ಪಠ್ಯಕ್ರಮವೊಂದನ್ನು ಸೆಂಟ್ರಲ್ ಹೈಸ್ಕೂಲು ಕಲಿಸುತ್ತಿತ್ತು. ಪದವಿಗೆ ಬೇಕಾದ ಅಂಕಕ್ಕೆ ಅದು ಲೆಕ್ಕಕ್ಕಿಲ್ಲ ಎಂದು ರಾಜ್ಯದ ಶಿಕ್ಷಣ ಇಲಾಖೆ ಹೇಳಿತು. ಗವರ್ನರ್ ಸಾರಾ ಹಕಬೀ ಸ್ಯಾಂಡರ್ಸ್ ಅದೇ ಶಾಲೆಯ ಹಳೆಯ ವಿದ್ಯಾರ್ಥಿನಿ. ಶಾಲೆ ಪಾಠ ಮುಂದುವರಿಸಿತು. ಒಂಬತ್ತು ಮಕ್ಕಳು ಕಲಿಯಲು ಹೋರಾಡಿದ ಕಟ್ಟಡದಲ್ಲಿ ಅವರ ಜನರ ಚರಿತ್ರೆ ಕಲಿಯುವುದಕ್ಕೆ ಪೂರ್ತಿ ಬೆಲೆ ಸಿಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳು ತಮ್ಮ ಮನೆಯ, ಬೀದಿಯ ಹಿರಿಯರನ್ನು ಮಾತಾಡಿಸಿ ಅವರ ನೆನಪುಗಳನ್ನು ಬರೆದಿಡುವ ಯೋಜನೆ ನಡೆಸಿದ್ದಾರೆ. ಪುಸ್ತಕಗಳೂ ಬಂದಿವೆ.

ನೋಡಲು ಹೋಗುವವರಿಗೆ ಒಂದು ಮಾತು. 1998ರಿಂದ ಇದು ರಾಷ್ಟ್ರೀಯ ಐತಿಹಾಸಿಕ ತಾಣ. ಇಂಥ ತಾಣದ ಗಡಿಯೊಳಗೆ ಈಗಲೂ ಪಾಠ ನಡೆಯುವ ಹೈಸ್ಕೂಲು ಇಡೀ ಅಮೆರಿಕದಲ್ಲಿ ಇದೊಂದೇ. ರಸ್ತೆಯಾಚೆಗಿನ ಸಂದರ್ಶಕರ ಕೇಂದ್ರಕ್ಕೆ ಯಾರು ಬೇಕಾದರೂ ಹೋಗಬಹುದು. ಶಾಲೆಯೊಳಗೆ ಹೋಗಬೇಕೆಂದರೆ ಮೊದಲೇ ಕಾಯ್ದಿರಿಸಿ, ಪಾರ್ಕಿನ ರೇಂಜರ್ ಜೊತೆಯಲ್ಲೇ ಹೋಗಬೇಕು. ಒಳಗೆ ತರಗತಿಗಳು ನಡೆಯುತ್ತಿರುತ್ತವೆ.